ಸೈಟಿಗೊಂದು ಸೈಟು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ನಮ್ಮ ಹಿರಿಯರು 'ಮನೆ ಮಾರಿ ನೋಡು' ಎಂದು ಹೇಳಲಿಲ್ಲ. ಮನೆ ಮಾರುವುದು ಆಗ ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಸಂಗತಿಯಾಗಿರಲಿಲ್ಲ. ಸಾಲಕ್ಕೋ ಪಾಲಿನ ಜಗಳಕ್ಕೋ ಸಿಕ್ಕಿದ ಮನೆ ಸದ್ದಿಲ್ಲದೆ ಕೈ ಬದಲಾಯಿಸುತ್ತಿತ್ತು. ಇಂದು ಪರಿಸ್ಥಿತಿ ತಿರುಗುಮುರುಗಾಗಿದೆ. ಮಾರುವ ಮನೆಯನ್ನು ಆದಷ್ಟು ಹೆಚ್ಚು ಜನರ ಕಣ್ಣಿಗೆ ಬೀಳಿಸುವುದೇ ಒಂದು ಉದ್ಯಮವಾಗಿದೆ.

ಈ ಉದ್ಯಮದ ಒಂದು ವಿಚಿತ್ರ ಕೂಸನ್ನು ಅಮೆರಿಕದ ಊರುಗಳಲ್ಲಿ ಕಾಣಬಹುದು. ಮಾರಾಟಕ್ಕಿರುವ ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ಒಂದು ಫಲಕ ನೆಟ್ಟಿರುತ್ತದೆ. ಅದರಲ್ಲಿ ದಲ್ಲಾಳಿಯ ಹೆಸರು, ದೂರವಾಣಿ ಸಂಖ್ಯೆಗಳ ಕೆಳಗೆ ಒಂದು ಜಾಲತಾಣದ ವಿಳಾಸವೂ ಇರುತ್ತದೆ. ಆ ವಿಳಾಸ ಯಾವುದೋ ಕಂಪನಿಯದಲ್ಲ. ಆ ಮನೆಯದೇ ಬಾಗಿಲು ಸಂಖ್ಯೆ, ಬೀದಿಯ ಹೆಸರು, ಕೊನೆಗೆ 'ಡಾಟ್ ಕಾಮ್'. ತೆರೆದು ನೋಡಿದರೆ ಆ ಒಂದು ಮನೆಯ ಹೊರತು ಬೇರೇನೂ ಇಲ್ಲ. ಬೆಳಗಿನ ಬಿಸಿಲಿನಲ್ಲಿ ತೆಗೆದ ಚಿತ್ರಗಳು, ಕೋಣೆಗಳ ನಕ್ಷೆ, ಅಡುಗೆಮನೆಯಿಂದ ಹಿತ್ತಿಲಿನವರೆಗೆ ಕುಳಿತಲ್ಲೇ ಸುತ್ತಾಡಿಸುವ ಚಲನಚಿತ್ರ, ಹತ್ತಿರದ ಶಾಲೆಗಳ ಪಟ್ಟಿ. ಮನೆ ಮಾರಾಟವಾದ ಮೇಲೆ ಈ ತಾಣ ಸಾಮಾನ್ಯವಾಗಿ ಕಣ್ಮರೆಯಾಗುತ್ತದೆ. ಒಂದೇ ಆಸ್ತಿಗಾಗಿ ಹುಟ್ಟಿ, ಆ ಆಸ್ತಿಯ ಕ್ರಯಪತ್ರದೊಂದಿಗೆ ಸಾಯುವ ತಾಣ ಇದು.

ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ. ಇಂಗ್ಲಿಷಿನ 'ಸೈಟ್' ನಮ್ಮಲ್ಲಿ 'ಸೈಟು' ಆಗಿ, ಮೂವತ್ತಕ್ಕೆ ನಲವತ್ತು ಅಡಿಯ ನಿವೇಶನವೆಂಬ ಅರ್ಥ ಪಡೆದು ಎಷ್ಟೋ ದಶಕಗಳಾದವು. ಜಾಲತಾಣಕ್ಕೂ ಅದೇ ಹೆಸರು ಬಂದದ್ದು ಆಮೇಲೆ. ಸೈಟಿಗೊಂದು ಸೈಟು ಎಂದರೆ ಸಾಕು.

ಇದು ಕಂಪ್ಯೂಟರ್ ಯುಗದ ಹೊಸ ಬುದ್ಧಿ ಎಂದು ಕೆಲವರು ತಿಳಿಯುತ್ತಾರೆ. ವಾಸ್ತವದಲ್ಲಿ ಒಂದು ಮನೆಗೊಂದು ಪುಟ ಮೀಸಲಿಡುವ ಪದ್ಧತಿ ಎರಡು ಸಾವಿರ ವರ್ಷಗಳಷ್ಟು ಹಳೆಯದು. ಅದರೊಡನೆ ಹುಟ್ಟಿದ ಜಗಳವೂ ಅಷ್ಟೇ ಹಳೆಯದು. ಆ ಪುಟವನ್ನು ಬರೆಯುವವನು ಮಾರುವವನು. ಅವನು ಬರೆಯದೆ ಬಿಟ್ಟ ಸಂಗತಿಯಿಂದ ಕೊಂಡವನು ಕೆಟ್ಟರೆ ಹೊಣೆ ಯಾರದು? ರೋಮ್‌ನಲ್ಲಿ ಎದ್ದ ಈ ಪ್ರಶ್ನೆ ಇಂಗ್ಲೆಂಡ್, ಅಮೆರಿಕಗಳನ್ನು ಸುತ್ತಿ ಬೆಂಗಳೂರಿನ ತನಕ ಬಂದಿದೆ.

ಗೋಡೆಯೇ ಪುಟ

ಇಟಲಿಯ ಪಾಂಪೆ ನಗರ ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋಯಿತು. ಉತ್ಖನನ ನಡೆದಾಗ ಗೋಡೆಗಳ ಮೇಲೆ ಬಣ್ಣದಲ್ಲಿ ಬರೆದ ನೂರಾರು ಬರಹಗಳು ಹೊರಬಿದ್ದವು. ಚುನಾವಣಾ ಘೋಷಣೆಗಳೇ ಹೆಚ್ಚು. ಅವುಗಳ ನಡುವೆ ಮನೆ ಬಾಡಿಗೆಯ ಪ್ರಕಟಣೆಗಳೂ ಇದ್ದವು. ನೈಜಿಡಿಯಸ್ ಮೈಯಸ್ ಎಂಬ ಸಿರಿವಂತನ ಕಟ್ಟಡದ ಗೋಡೆಯ ಮೇಲಿದ್ದ ಪ್ರಕಟಣೆಯ ಸಾರಾಂಶ ಹೀಗಿದೆ: ಮುಂದಿನ ಜುಲೈ ಒಂದರಿಂದ ಅಟ್ಟಸಹಿತ ಅಂಗಡಿಗಳು, ಗಣ್ಯರಿಗೆ ಒಪ್ಪುವಂಥ ಮಹಡಿ ಕೋಣೆಗಳು ಮತ್ತು ಒಂದು ಮನೆ ಬಾಡಿಗೆಗೆ ಇವೆ, ಬೇಕಾದವರು ಮಾಲೀಕನ ಗುಲಾಮ ಪ್ರೈಮಸ್‌ನನ್ನು ಕಾಣುವುದು.

ಇಂದಿನ ಜಾಹೀರಾತಿನಲ್ಲಿ ಇರುವುದೆಲ್ಲ ಇಲ್ಲಿದೆ. ಆಸ್ತಿಯ ವಿವರ, ಖಾಲಿಯಾಗುವ ದಿನಾಂಕ, ಸಂಪರ್ಕಿಸಬೇಕಾದ ವ್ಯಕ್ತಿ. 'ಗಣ್ಯರಿಗೆ ಒಪ್ಪುವಂಥ' ಎಂಬ ವಿಶೇಷಣವನ್ನಂತೂ ಮರೆಯುವಂತಿಲ್ಲ. ಇಂದಿನ 'ಲಕ್ಷುರಿ ಅಪಾರ್ಟ್‌ಮೆಂಟ್'ನ ಮುತ್ತಜ್ಜ ಅದು. ಅದೇ ಊರಿನ ಜೂಲಿಯಾ ಫೆಲಿಕ್ಸ್ ಎಂಬ ಮಹಿಳೆ ತನ್ನ ಸ್ನಾನಗೃಹ, ಅಂಗಡಿ, ಮಹಡಿ ಕೋಣೆಗಳನ್ನು ಆಗಸ್ಟ್ 13ರಿಂದ ಐದು ವರ್ಷಗಳ ಅವಧಿಗೆ ಬಾಡಿಗೆಗೆ ಕೊಡುವುದಾಗಿ ಬರೆಸಿದ್ದಳು. ಅವಳ ಸ್ನಾನಗೃಹಕ್ಕೂ ಇಂಥದೇ ಒಂದು ಹೊಗಳಿಕೆಯ ಮಾತು ಅಂಟಿಕೊಂಡಿತ್ತು.

ಗೋಡೆಯ ಪ್ರಕಟಣೆಗೆ ಒಂದು ಅನುಕೂಲವಿತ್ತು. ಓದುವವನು ಕಟ್ಟಡದ ಮುಂದೆಯೇ ನಿಂತಿರುತ್ತಿದ್ದ. ಸೋರುವ ಮಾಡನ್ನು ಮಾತಿನಲ್ಲಿ ಮುಚ್ಚುವುದು ಅಷ್ಟು ಸುಲಭವಾಗಿರಲಿಲ್ಲ. ಆದರೆ ಮನಸ್ಸು ಮಾಡಿದವನಿಗೆ ಕಣ್ಣೆದುರಿನಲ್ಲೇ ಮೋಸ ಮಾಡುವುದೂ ಸಾಧ್ಯವೆಂದು ತೋರಿಸುವ ಕಥೆಯೊಂದನ್ನು ರೋಮ್‌ನ ವಾಗ್ಮಿ ಸಿಸೆರೊ ಹೇಳಿದ್ದಾನೆ. ಅಥೆನ್ಸ್‌ನಲ್ಲಿ ಓದುತ್ತಿದ್ದ ತನ್ನ ಮಗನಿಗಾಗಿ ಅವನು ಕ್ರಿ.ಪೂ. 44ರಲ್ಲಿ ಬರೆದ ಕರ್ತವ್ಯಗಳ ಕುರಿತ ಗ್ರಂಥದಲ್ಲಿ ಅದು ಬರುತ್ತದೆ.

ಕೇನಿಯಸ್ ಎಂಬ ರೋಮ್‌ನ ಗಣ್ಯ ವಿರಾಮಕ್ಕೆಂದು ಸಿಸಿಲಿಯ ಸಿರಕ್ಯೂಸ್ ನಗರಕ್ಕೆ ಬಂದ. ಗೆಳೆಯರನ್ನು ಕರೆದು ಸಂತೋಷವಾಗಿರಲು ಒಂದು ಸಣ್ಣ ತೋಟದ ಮನೆ ಕೊಳ್ಳಬೇಕೆಂದು ಹೇಳಿಕೊಂಡು ತಿರುಗಿದ. ಪೈಥಿಯಸ್ ಎಂಬ ಲೇವಾದೇವಿಗಾರ ಅವನ ಬಳಿ ಬಂದು, ತನ್ನ ತೋಟ ಮಾರಾಟಕ್ಕಿಲ್ಲ, ಆದರೆ ನಿಮ್ಮದೆಂದೇ ತಿಳಿದು ಬಳಸಿಕೊಳ್ಳಿ ಎಂದು ಮರುದಿನದ ಊಟಕ್ಕೆ ಕರೆದ. ಅತ್ತ ಊರಿನ ಬೆಸ್ತರನ್ನೆಲ್ಲ ಕರೆಸಿ, ನಾಳೆ ನನ್ನ ತೋಟದ ಎದುರಿಗೇ ಮೀನು ಹಿಡಿಯಿರಿ ಎಂದ. ಕೇನಿಯಸ್ ಊಟಕ್ಕೆ ಬಂದಾಗ ಕಣ್ಣು ಹಾಯಿಸಿದಷ್ಟೂ ದೋಣಿಗಳು. ಒಬ್ಬೊಬ್ಬ ಬೆಸ್ತನೂ ತಾನು ಹಿಡಿದ ಮೀನನ್ನು ತಂದು ಪೈಥಿಯಸ್‌ನ ಕಾಲ ಬಳಿ ಸುರಿದ. ಇದೇನು ಇಷ್ಟು ಮೀನು, ಇಷ್ಟು ದೋಣಿ ಎಂದು ಅತಿಥಿ ಬೆರಗಾದ. ಇದರಲ್ಲೇನು ಆಶ್ಚರ್ಯ, ಸಿರಕ್ಯೂಸ್‌ನ ಮೀನೆಲ್ಲ ಇರುವುದೇ ಇಲ್ಲಿ ಎಂಬ ಉತ್ತರ ಬಂತು. ಕೇನಿಯಸ್ ಗೋಗರೆದ, ಪೈಥಿಯಸ್ ಮೊದಲು ಒಲ್ಲೆನೆಂದ, ಕೊನೆಗೆ ಕೇಳಿದ ಬೆಲೆಗೆ ತೋಟ ಪೀಠೋಪಕರಣಗಳ ಸಮೇತ ಮಾರಾಟವಾಯಿತು. ಮರುದಿನ ಗೆಳೆಯರನ್ನು ಕರೆದುಕೊಂಡು ಬಂದ ಹೊಸ ಮಾಲೀಕನಿಗೆ ಒಂದು ಹುಟ್ಟೂ ಕಾಣಲಿಲ್ಲ. ಬೆಸ್ತರಿಗೆ ಇಂದು ಹಬ್ಬವೇ ಎಂದು ನೆರೆಯವನನ್ನು ಕೇಳಿದ. ಹಬ್ಬವೇನೂ ಇಲ್ಲ, ಇಲ್ಲಿ ಯಾರೂ ಮೀನು ಹಿಡಿಯುವುದಿಲ್ಲ, ನಿನ್ನೆ ಮಾತ್ರ ಅದೇನಾಯಿತೋ ಎಂದು ನಾನೇ ಯೋಚಿಸುತ್ತಿದ್ದೆ ಎಂದ ಆ ನೆರೆಯವ.

ಕೇನಿಯಸ್ ಸಿಟ್ಟಾದ. ಆದರೆ ಮಾಡುವುದೇನು? ವಂಚನೆಯ ವಿರುದ್ಧ ದಾವೆ ಹೂಡುವ ಕ್ರಮ ಆಗಿನ್ನೂ ರೋಮನ್ ಕಾನೂನಿನಲ್ಲಿ ಇರಲಿಲ್ಲ ಎನ್ನುತ್ತಾನೆ ಸಿಸೆರೊ. ಅದನ್ನು ರೂಪಿಸಿದವನು ಅಕ್ವಿಲಿಯಸ್ ಎಂಬ ನ್ಯಾಯಶಾಸ್ತ್ರಜ್ಞ, ಅದೂ ಆಮೇಲೆ.

ಅದೇ ಗ್ರಂಥದಲ್ಲಿ ಇನ್ನೊಂದು ಚರ್ಚೆ ಇದೆ. ಒಬ್ಬನ ಮನೆ ಅನಾರೋಗ್ಯಕರ, ಮಲಗುವ ಕೋಣೆಗಳಿಗೆಲ್ಲ ಹಾವು ಹುಳುಗಳು ಬರುತ್ತವೆ, ಮರಮುಟ್ಟು ಕಳಪೆ. ಇದು ಗೊತ್ತಿರುವುದು ಮಾಲೀಕನಿಗೆ ಮಾತ್ರ. ಮಾರುವಾಗ ಅವನು ಇದನ್ನು ಹೇಳಬೇಕೆ? ಹೇಳಲೇಬೇಕು ಎಂದು ಆಂಟಿಪೇಟರ್ ಎಂಬ ತತ್ತ್ವಜ್ಞಾನಿಯ ವಾದ. ಕೊಳ್ಳೆಂದು ಯಾರೂ ಬಲವಂತ ಮಾಡಿಲ್ಲ, ರೋಗಕಾರಕ ಮನೆ ಮಾರುತ್ತಿದ್ದೇನೆ ಎಂದು ಹರಾಜಿನಲ್ಲಿ ಕೂಗಿಸುವ ಮೂರ್ಖನುಂಟೇ ಎಂದು ಡಯಾಜಿನಿಸ್‌ನ ಪಕ್ಷದ ವಾದ. ಸಿಸೆರೊ ಆಂಟಿಪೇಟರ್‌ನ ಪಕ್ಷ ವಹಿಸಿದ. ವ್ಯಾಪಾರಿಗಳು ಇಂದಿಗೂ ಹೆಚ್ಚಾಗಿ ಡಯಾಜಿನಿಸ್‌ನ ಪಕ್ಷದಲ್ಲಿದ್ದಾರೆ.

ಒಂದು ಗಿನಿಯ ಪುಸ್ತಕ

ಮುದ್ರಣ ಬಂದ ಮೇಲೆ ಪುಟ ಗೋಡೆಯನ್ನು ಬಿಟ್ಟು ಕೈಗೆ ಬಂತು. 18ನೇ ಶತಮಾನದ ಲಂಡನ್‌ನಲ್ಲಿ ದೊಡ್ಡ ಆಸ್ತಿಗಳ ಮಾರಾಟ ಹರಾಜಿನ ಮೂಲಕ ನಡೆಯುತ್ತಿತ್ತು. ಹರಾಜಿಗೆ ಮುನ್ನ ಆಸ್ತಿಯ ವಿವರಗಳ ಪುಸ್ತಿಕೆ ಅಚ್ಚಾಗುತ್ತಿತ್ತು. ಎಷ್ಟು ಎಕರೆ, ಎಷ್ಟು ಕೋಣೆ, ಎಷ್ಟು ಗೇಣಿ ಬರುತ್ತದೆ ಎಂಬ ಲೆಕ್ಕದ ಜೊತೆಗೆ ಹೊಗಳಿಕೆಯ ಭಾಷೆಯೂ ಬೆಳೆಯಿತು. 19ನೇ ಶತಮಾನದ ಮೊದಲರ್ಧದಲ್ಲಿ ಜಾರ್ಜ್ ರಾಬಿನ್ಸ್ ಎಂಬ ಹರಾಜುಗಾರ ಈ ಭಾಷೆಗೆ ಹೆಸರಾಗಿದ್ದ. ಒಂದು ಎಸ್ಟೇಟನ್ನು ಬಣ್ಣಿಸುತ್ತ, ಇದಕ್ಕೆ ಎರಡು ದೋಷಗಳುಂಟೆಂದು ಒಪ್ಪಿಕೊಳ್ಳಲೇಬೇಕು, ಒಂದು ಉದುರಿದ ಗುಲಾಬಿ ಎಸಳುಗಳ ಕಸ, ಇನ್ನೊಂದು ನೈಟಿಂಗೇಲ್ ಹಕ್ಕಿಗಳ ಗಲಾಟೆ ಎಂದನಂತೆ. ನಿಂದಾಸ್ತುತಿಯ ಈ ವಿದ್ಯೆ ನಮ್ಮ ಕವಿಗಳಿಗೇನೂ ಹೊಸದಲ್ಲ. ಅದನ್ನು ಆಸ್ತಿ ಮಾರಲು ಬಳಸಬಹುದೆಂದು ಅವರಿಗೆ ತೋಚಿರಲಿಕ್ಕಿಲ್ಲ, ಅಷ್ಟೆ.

ಒಂದೇ ಮನೆಗಾಗಿ ಇಡೀ ದೇಶವನ್ನು ಸೆಳೆದ ಮಾರಾಟವೆಂದರೆ ವಿಲ್ಟ್‌ಷೈರ್‌ನ ಫಾಂಟ್‌ಹಿಲ್ ಅಬ್ಬೆಯದು. ವಿಲಿಯಂ ಬೆಕ್‌ಫರ್ಡ್ ಎಂಬ ಶ್ರೀಮಂತ ಅದನ್ನು ಕಟ್ಟಿಸಿದ. ಅವನ ಸಿರಿ ಬಂದದ್ದು ಜಮೈಕಾದ ಕಬ್ಬಿನ ತೋಟಗಳಿಂದ, ಎಂದರೆ ಅಲ್ಲಿನ ಆಫ್ರಿಕನ್ ಗುಲಾಮರ ದುಡಿಮೆಯಿಂದ. 'ವಾಥೆಕ್' ಎಂಬ ಅರೇಬಿಯನ್ ಬಗೆಯ ಕಥೆ ಬರೆದ ಲೇಖಕನೂ ಹೌದು. ಲೋಕಾಪವಾದಕ್ಕೆ ತುತ್ತಾಗಿ ಸಮಾಜದಿಂದ ದೂರವಾದ ಅವನು ತನ್ನ ನೆಲದ ಸುತ್ತ ಮೈಲಿಗಟ್ಟಲೆ ಉದ್ದದ, ಎರಡಾಳೆತ್ತರದ ಗೋಡೆ ಎಬ್ಬಿಸಿ, ಒಳಗೆ ಮಧ್ಯಯುಗದ ಮಠದಂತೆ ಕಾಣುವ ಅರಮನೆ ಕಟ್ಟಿಸತೊಡಗಿದ. ವಾಸ್ತುಶಿಲ್ಪಿ ಜೇಮ್ಸ್ ವಯಟ್. ಕೆಲಸ ಆರಂಭವಾದದ್ದು 1796ರಲ್ಲಿ. ಮಾಲೀಕನಿಗೆ ಅವಸರ, ರಾತ್ರಿ ದೀವಟಿಗೆ ಬೆಳಕಿನಲ್ಲೂ ಕೂಲಿಗಳು ದುಡಿದರು. ನಡುವಿನ ಗೋಪುರ 270 ಅಡಿಗೂ ಮೀರಿ ಏರಿತು. ಕಟ್ಟುತ್ತಿದ್ದಾಗಲೇ ಅದು ಒಮ್ಮೆ ಗಾಳಿಗೆ ಕುಸಿದಿತ್ತು. ಮತ್ತೆ ಕಟ್ಟಿದರು.

ಇಪ್ಪತ್ತೈದು ವರ್ಷ ಹೊರಗಿನವರು ಆ ಗೋಪುರವನ್ನು ಗೋಡೆಯಾಚೆಯಿಂದ ನೋಡಿದರೇ ಹೊರತು ಒಳಹೊಕ್ಕವರು ವಿರಳ. ಅಷ್ಟರಲ್ಲಿ ಸಕ್ಕರೆಯ ಬೆಲೆ ಇಳಿಯಿತು, ಜಮೈಕಾದ ಆಸ್ತಿಯ ವ್ಯಾಜ್ಯದಲ್ಲಿ ಸೋಲಾಯಿತು, ಸಾಲ ಏರಿತು. 1822ರಲ್ಲಿ ಫಾಂಟ್‌ಹಿಲ್ ಮಾರಾಟಕ್ಕಿದೆ ಎಂದು ಕ್ರಿಸ್ಟೀಸ್ ಹರಾಜು ಸಂಸ್ಥೆ ಪ್ರಕಟಿಸಿತು. ಒಳಗೆ ಹೋಗಿ ನೋಡಬೇಕೆಂದರೆ ಕ್ಯಾಟಲಾಗ್ ಕೊಳ್ಳಬೇಕು. ಅದರ ಬೆಲೆ ಒಂದು ಗಿನಿ, ಎಂದರೆ 21 ಷಿಲಿಂಗ್. ಬಡವರ ಕೈಗೆಟುಕುವ ಹಣವಲ್ಲ. ಆದರೂ ಆ ಬೇಸಿಗೆಯಲ್ಲಿ ಸಾವಿರಾರು ಜನ ಮುಗಿಬಿದ್ದರು. ಸುತ್ತಲಿನ ಊರುಗಳ ಛತ್ರಗಳಲ್ಲಿ ಹಾಸಿಗೆ ಸಿಗದಂತಾಯಿತು. ಪತ್ರಿಕೆಗಳು ಪುಟಗಟ್ಟಲೆ ಬರೆದವು. ಮುಂದಿನ ವರ್ಷ ಜಾನ್ ಬ್ರಿಟನ್, ಜಾನ್ ರಟರ್ ಎಂಬಿಬ್ಬರು ಈ ಒಂದೇ ಕಟ್ಟಡದ ಬಗ್ಗೆ ಸಚಿತ್ರ ಗ್ರಂಥಗಳನ್ನೇ ಹೊರತಂದರು. ಬಂದವರಲ್ಲಿ ಕೊಳ್ಳುವ ಶಕ್ತಿ ಇದ್ದವರು ಬೆರಳೆಣಿಕೆಯಷ್ಟು. ಉಳಿದವರಿಗೆ ಅದು ಜಾತ್ರೆ. ಇಂದು ಎಂದೂ ಕೊಳ್ಳಲಾಗದ ಬಂಗಲೆಯ ಚಿತ್ರಗಳನ್ನು ಪರದೆಯ ಮೇಲೆ ಒಂದೊಂದಾಗಿ ಸರಿಸುತ್ತ ಕೂರುವವರ ಪೂರ್ವಜರು ಇವರೇ. ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ ಮಾತ್ರ ಮೆಚ್ಚಲಿಲ್ಲ. ಹೊಳಪಿನ ಗೊಂಬೆಯಂಗಡಿಯಂತೆ ಕಂಡ ಆ ವೈಭವವನ್ನು ಕಟುವಾಗಿ ಟೀಕಿಸಿ ಬರೆದ.

ಹರಾಜು ನಡೆಯಲೇ ಇಲ್ಲ. ದಿನಾಂಕ ಒಮ್ಮೆ ಮುಂದೆ ಹೋಗಿ, ಎರಡನೆಯ ದಿನಾಂಕ ಬರುವ ಮೊದಲೇ ಅಬ್ಬೆ ಖಾಸಗಿಯಾಗಿ ಮಾರಾಟವಾಗಿತ್ತು. ಬೆಲೆ ಸುಮಾರು ಮೂರು ಲಕ್ಷ ಪೌಂಡ್. ಜಾತ್ರೆ ಕಟ್ಟಿದ್ದರ ಉದ್ದೇಶ ಈಡೇರಿತ್ತು. ಕೊಂಡವನು ಜಾನ್ ಫಾರ್ಕ್ವಾರ್, ಎಪ್ಪತ್ತು ದಾಟಿದ ಮುದುಕ. ಇಲ್ಲಿ ಭಾರತದ ನಂಟು ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆಂದು ಬಂದ ಈ ಸ್ಕಾಟ್‌ಲೆಂಡಿನವನು ಬಂಗಾಳದಲ್ಲಿ ಸಿಡಿಮದ್ದು ತಯಾರಿಸಿ ಅಪಾರ ಹಣ ಗಳಿಸಿದ್ದ. ಜಿಪುಣತನಕ್ಕೆ ಹೆಸರಾಗಿದ್ದ. ಗುಲಾಮರ ಬೆವರಿನಿಂದ ಎದ್ದ ಮನೆ ಬಂಗಾಳದ ಮದ್ದಿನ ಹಣಕ್ಕೆ ಕೈ ಬದಲಾಯಿಸಿತು. ಒಳಗಿನ ಸಾಮಾನುಗಳನ್ನು 1823ರಲ್ಲಿ ಫಿಲಿಪ್ಸ್ ಎಂಬ ಹರಾಜುಗಾರ ಮಾರಿದ. ಬೆಕ್‌ಫರ್ಡ್‌ನದಲ್ಲದ ವಸ್ತುಗಳನ್ನೂ ಹೊರಗಿನಿಂದ ತಂದು ಫಾಂಟ್‌ಹಿಲ್‌ನ ಹೆಸರಿನಲ್ಲಿ ಸೇರಿಸಿದ್ದಾರೆಂಬ ದೂರು ಆಗಲೇ ಕೇಳಿಬಂತು.

ನಿಜವಾದ ದೋಷ ಯಾವ ಕ್ಯಾಟಲಾಗಿನಲ್ಲೂ ಇರಲಿಲ್ಲ. ಅದು ನೆಲದಡಿಯಲ್ಲಿತ್ತು. ಕಾಮಗಾರಿ ನೋಡಿಕೊಂಡಿದ್ದವನೊಬ್ಬ ಸಾಯುವ ಮುನ್ನ ಬೆಕ್‌ಫರ್ಡ್‌ನನ್ನು ಕರೆಸಿಕೊಂಡು, ಗೋಪುರದ ಅಡಿಪಾಯಕ್ಕೆ ಗೊತ್ತುಮಾಡಿದ್ದ ಕಮಾನುಗಳನ್ನು ಹಾಕಿಯೇ ಇಲ್ಲ, ಹಣ ಮಾತ್ರ ಪಡೆಯಲಾಗಿದೆ ಎಂದು ತಪ್ಪೊಪ್ಪಿಕೊಂಡನೆಂದು ಕಥೆ. ಬೆಕ್‌ಫರ್ಡ್ ಇದನ್ನು ಫಾರ್ಕ್ವಾರ್‌ಗೆ ತಿಳಿಸಿದನಂತೆ. ನನ್ನ ಕಾಲಕ್ಕೆ ಸಾಕು ಬಿಡಿ ಎಂದನಂತೆ ಮುದುಕ. 1825ರ ಡಿಸೆಂಬರ್ 21ರಂದು ಗೋಪುರ ಕುಸಿದು ಅಬ್ಬೆಯ ಬಹುಭಾಗವನ್ನು ನೆಲಸಮ ಮಾಡಿತು. ಫಾರ್ಕ್ವಾರ್ ಮರುವರ್ಷ ತೀರಿಕೊಂಡ. ಬೆಕ್‌ಫರ್ಡ್ ಬಾತ್ ನಗರಕ್ಕೆ ಹೋಗಿ, ಬುದ್ಧಿ ಬಾರದೆಯೋ ಏನೋ, ಇನ್ನೊಂದು ಗೋಪುರ ಕಟ್ಟಿಸಿದ. ಅದು ಇನ್ನೂ ನಿಂತಿದೆ.

ಫಾಂಟ್‌ಹಿಲ್‌ನ ಹೊಸ ಮಾಲೀಕನಿಗೆ ಆಗಿನ ಕಾನೂನಿನಲ್ಲಿ ದೊಡ್ಡ ಆಸರೆ ಏನೂ ಇರಲಿಲ್ಲ. ಕೊಳ್ಳುವವನೇ ಎಚ್ಚರವಾಗಿರಬೇಕು ಎಂಬುದು ಇಂಗ್ಲಿಷ್ ಕಾನೂನಿನ ಮಂತ್ರವಾಗಿತ್ತು. ಆಸ್ತಿ ವಿವರಣೆಯಲ್ಲಿ ಸುಳ್ಳು ಹೇಳುವ ದಲ್ಲಾಳಿಯನ್ನು ಅಪರಾಧಿಯಾಗಿಸುವ ಪ್ರತ್ಯೇಕ ಕಾಯಿದೆ ಬ್ರಿಟನ್‌ನಲ್ಲಿ ಬಂದದ್ದು 1991ರಲ್ಲಿ. 2013ರಲ್ಲಿ ಅದನ್ನು ರದ್ದುಗೊಳಿಸಿ, ಗ್ರಾಹಕ ರಕ್ಷಣೆಯ ಸಾಮಾನ್ಯ ನಿಯಮಗಳಿಗೆ ಆ ಕೆಲಸ ವಹಿಸಲಾಯಿತು.

ಕಾನೂನಿಗೆ ಕಾಯದೆ ನಿಜ ಹೇಳಿದವನೂ ಒಬ್ಬನಿದ್ದ. 1950-60ರ ದಶಕಗಳ ಲಂಡನ್‌ನಲ್ಲಿ ರಾಯ್ ಬ್ರೂಕ್ಸ್ ಎಂಬ ದಲ್ಲಾಳಿ ಭಾನುವಾರದ ಪತ್ರಿಕೆಗಳಲ್ಲಿ ಮನೆಗಳ ಕೊಳಕು, ಸೋರಿಕೆ, ಮಾಲೀಕರ ಕೆಟ್ಟ ಅಭಿರುಚಿ ಎಲ್ಲವನ್ನೂ ಮುಲಾಜಿಲ್ಲದೆ ಬರೆದು ಜಾಹೀರಾತು ಕೊಡುತ್ತಿದ್ದ. ಮನೆ ಕೊಳ್ಳುವ ಯೋಚನೆಯೇ ಇಲ್ಲದವರೂ ಅವನ್ನು ಹುಡುಕಿ ಓದುತ್ತಿದ್ದರು. ಅವನ ಜಾಹೀರಾತುಗಳು ಪುಸ್ತಕವಾಗಿಯೂ ಬಂದಿವೆ. ಮನೆಗಳು ಮಾರಾಟವಾಗುತ್ತಿದ್ದವು ಎಂಬುದೇ ಸ್ವಾರಸ್ಯ.

ಸಾಲಿನಲ್ಲಿ ಕಳೆದುಹೋದ ಮನೆ

ಅಮೆರಿಕದಲ್ಲಿ ದಾರಿ ಬೇರೆಯಾಯಿತು. ಅಲ್ಲಿನ ದಲ್ಲಾಳಿಗಳು 19ನೇ ಶತಮಾನದ ಕೊನೆಯ ಭಾಗದಲ್ಲಿ ಊರಿನ ಸಂಘದ ಕಚೇರಿಯಲ್ಲಿ ಸೇರಿ, ತಮ್ಮ ತಮ್ಮ ಬಳಿ ಇರುವ ಮನೆಗಳ ವಿವರವನ್ನು ಹಂಚಿಕೊಳ್ಳತೊಡಗಿದರು. ನಿನ್ನ ಮನೆಯನ್ನು ನಾನು ಮಾರಿಸಿಕೊಟ್ಟರೆ ದಲ್ಲಾಳಿ ಹಣದಲ್ಲಿ ನನಗೂ ಪಾಲು, ಇಷ್ಟೇ ಒಪ್ಪಂದ. ಅವರ ರಾಷ್ಟ್ರೀಯ ಸಂಘ 1908ರಲ್ಲಿ ಶಿಕಾಗೊದಲ್ಲಿ ಹುಟ್ಟಿತು. ಹಂಚಿಕೆಯ ಪಟ್ಟಿ ಕ್ರಮೇಣ ದೂರವಾಣಿ ಡೈರೆಕ್ಟರಿಯಷ್ಟು ದಪ್ಪದ ಪುಸ್ತಕವಾಯಿತು. ಅದು ಸದಸ್ಯರ ಕೈಗೆ ಮಾತ್ರ. ಜನಸಾಮಾನ್ಯರು ಮನೆ ಹುಡುಕಬೇಕೆಂದರೆ ದಲ್ಲಾಳಿಯ ಮೇಜಿನ ಮುಂದೆ ಕುಳಿತು, ಅವನು ತಿರುಗಿಸಿ ತೋರಿಸಿದ ಪುಟವನ್ನು ನೋಡಬೇಕಿತ್ತು. ಒಂದೊಂದು ಮನೆಗೂ ಅಂಚೆಚೀಟಿಗಿಂತ ತುಸು ದೊಡ್ಡದಾದ ಕಪ್ಪುಬಿಳುಪು ಚಿತ್ರ, ನಾಲ್ಕಾರು ಸಂಕ್ಷೇಪಾಕ್ಷರಗಳು. ಫಾಂಟ್‌ಹಿಲ್‌ನ ಗಿನಿ ಪುಸ್ತಕದಿಂದ ಇದು ಎಷ್ಟು ದೂರ!

ಯಾವ ಪುಟವನ್ನು ಯಾರಿಗೆ ತೋರಿಸುವುದು ಎಂಬ ಅಧಿಕಾರವೂ ಆ ಮೇಜಿನ ಹಿಂದಿತ್ತು. ಬೀದಿಯ ಆಸ್ತಿ ಬೆಲೆಗೆ ಧಕ್ಕೆ ತರುವಂಥ ಜನಾಂಗದವರನ್ನು ಆ ಬೀದಿಗೆ ತರಬಾರದು ಎಂಬ ನಿಯಮ 1924ರಿಂದ ಆ ರಾಷ್ಟ್ರೀಯ ಸಂಘದ ನೀತಿಸಂಹಿತೆಯಲ್ಲೇ ಇತ್ತು. ಕರಿಯರಿಗೆ ಮಾರಬಾರದು ಎಂಬ ಷರತ್ತುಗಳು ಕ್ರಯಪತ್ರಗಳಲ್ಲೂ ಇದ್ದವು. ಅವುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿ ಹೇಳಿತು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವಾರದಲ್ಲೇ, 1968ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕಾಯಿದೆ ಮನೆ ಜಾಹೀರಾತಿನಲ್ಲಿ ಜನಾಂಗ, ಧರ್ಮಗಳ ಆಯ್ಕೆ ಸೂಚಿಸುವುದನ್ನು ನಿಷೇಧಿಸಿತು. ಸಂಘ ತನ್ನ ಹಳೆಯ ನಡೆಗೆ ಕ್ಷಮೆ ಕೇಳಿದ್ದು 2020ರಲ್ಲಿ. 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಫಲಕಗಳನ್ನು ಕಂಡವರಿಗೆ ಈ ಇತಿಹಾಸ ತೀರಾ ದೂರದ್ದೆನಿಸಲಾರದು.

ಇಂಟರ್‌ನೆಟ್ ಬಂದು ಆ ದಪ್ಪ ಪುಸ್ತಕವನ್ನು ಮೇಜಿನಿಂದ ಕಿತ್ತುಕೊಂಡಿತು. 1990ರ ದಶಕದ ನಡುವಿನಲ್ಲಿ ಮನೆಗಳ ಪಟ್ಟಿ ಸಾರ್ವಜನಿಕರ ಪರದೆಗೆ ಬರತೊಡಗಿತು. 2006ರಲ್ಲಿ ಆರಂಭವಾದ ಜಿಲ್ಲೊದಂಥ ತಾಣಗಳು ಅದನ್ನು ಮನೆಮಾತಾಗಿಸಿದವು. ಪುಸ್ತಕ ಹೋದರೂ ಪಟ್ಟಿ ಮಾತ್ರ ಪಟ್ಟಿಯಾಗಿಯೇ ಉಳಿಯಿತು. ಒಂದು ಮನೆಯ ಚಿತ್ರದ ಪಕ್ಕದಲ್ಲೇ ಅದಕ್ಕಿಂತ ಅಗ್ಗದ ಇನ್ನೊಂದು ಮನೆ, ಕೆಳಗೆ ಹಣ ಕೊಟ್ಟು ಜಾಗ ಪಡೆದ ಬೇರೆ ದಲ್ಲಾಳಿಗಳ ಹೆಸರು. ತನ್ನ ಮನೆಯನ್ನು ನೋಡಲು ಬಂದವನನ್ನು ಪಕ್ಕದ ಅಂಗಡಿಯವನು ಕೈ ಹಿಡಿದೆಳೆದಂತೆ!

ಒಂದೇ ಮನೆಯ ತಾಣ ಹುಟ್ಟಿದ್ದು ಈ ಗಿಜಿಗಿಜಿಯಿಂದ ತಪ್ಪಿಸಿಕೊಳ್ಳಲು. ಅದಕ್ಕೆ ಅನುವು ಮಾಡಿದ್ದು ಅಗ್ಗದ ಹೆಸರು. 1995ರ ಸೆಪ್ಟೆಂಬರ್‌ನಲ್ಲಿ ಡಾಟ್ ಕಾಮ್ ಹೆಸರಿನ ನೋಂದಣಿಗೆ ಶುಲ್ಕ ಹಾಕಿದಾಗ ಎರಡು ವರ್ಷಕ್ಕೆ 100 ಡಾಲರ್ ಆಗುತ್ತಿತ್ತು, ನೋಂದಾಯಿಸುವ ಕಂಪನಿಯೂ ಒಂದೇ ಇತ್ತು. 1999ರಲ್ಲಿ ಸ್ಪರ್ಧೆಗೆ ಅವಕಾಶವಾದ ಮೇಲೆ ವರ್ಷಕ್ಕೆ ಹತ್ತು ಡಾಲರ್ ಆಸುಪಾಸಿಗೆ ಹೆಸರು ಸಿಗುವಂತಾಯಿತು. ಲಕ್ಷಾಂತರ ಡಾಲರ್ ಬೆಲೆಯ ಮನೆಗೆ ಹತ್ತು ಡಾಲರಿನ ನಾಮಕರಣ ಹೊರೆಯೇ? ಅದೇ ಹೊತ್ತಿಗೆ ಡಿಜಿಟಲ್ ಕ್ಯಾಮೆರಾ ಬಂತು, ಕೋಣೆಯನ್ನು ಸುತ್ತಲೂ ತಿರುಗಿಸಿ ತೋರಿಸುವ ತಂತ್ರ ಬಂತು, ಮುಂದೆ ಡ್ರೋನ್ ಬಂತು.

ಇಂಥ ತಾಣದಿಂದ ಮನೆ ಬೇಗ ಮಾರಾಟವಾಗುತ್ತದೆಯೇ? ದಲ್ಲಾಳಿಗಳು ಹೌದೆನ್ನುತ್ತಾರೆ. ಅದರ ಇನ್ನೊಂದು ಉಪಯೋಗವನ್ನು ಅವರು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಮನೆಯೊಡೆಯನಿಗೆ ತನ್ನ ಮನೆಯ ಹೆಸರಿನಲ್ಲೊಂದು ತಾಣವಿದೆ ಎಂಬುದೇ ಹಿಗ್ಗು. ನೆಂಟರಿಷ್ಟರಿಗೆ ಕಳಿಸಿ ತೋರಿಸುತ್ತಾನೆ. ಮಾರಾಟದ ಜವಾಬ್ದಾರಿಯನ್ನು ಆ ದಲ್ಲಾಳಿಗೇ ಕೊಡುತ್ತಾನೆ. ತಾಣಕ್ಕೆ ಬಂದು ಹೆಸರು, ಫೋನ್ ನಂಬರ್ ಬರೆದುಹೋದವರೆಲ್ಲ ದಲ್ಲಾಳಿಯ ಮುಂದಿನ ಗಿರಾಕಿಗಳು. ತಾಣದ ಮೊದಲ ಓದುಗ ಕೊಳ್ಳುವವನಲ್ಲ, ಮಾರುವವನು.

ಪಟ್ಟಿ ಮತ್ತು ಪುಟದ ಜಗಳ ಇನ್ನೂ ಮುಗಿದಿಲ್ಲ. ಮನೆಯನ್ನು ಸಾರ್ವಜನಿಕವಾಗಿ ಪ್ರಚಾರ ಮಾಡಿದ ಒಂದು ಕೆಲಸದ ದಿನದೊಳಗೆ ಅದನ್ನು ಹಂಚಿಕೆಯ ಪಟ್ಟಿಗೆ ಸೇರಿಸಬೇಕೆಂದು ರಾಷ್ಟ್ರೀಯ ಸಂಘ 2020ರಲ್ಲಿ ನಿಯಮ ತಂದಿತು. ಮನೆ ಮುಂದಿನ ಫಲಕವೂ, ಜಾಲತಾಣವೂ ಪ್ರಚಾರವೇ. ಆಯ್ದ ಕೆಲವರಿಗೆ ಮಾತ್ರ ಗುಟ್ಟಾಗಿ ತೋರಿಸಿ ಮಾರಿದರೆ ಉಳಿದವರಿಗೆ ಬಾಗಿಲು ಮುಚ್ಚಿದಂತಾಗುತ್ತದೆ ಎಂಬುದು ಅದರ ಸಮರ್ಥನೆ. ಬಾಗಿಲು ಮುಚ್ಚಲು ಗುಟ್ಟಿನ ಅಗತ್ಯವೂ ಇಲ್ಲವೆಂದು ಆ ಹೊತ್ತಿಗೇ ಬಯಲಾಗಿತ್ತು. ಜಾಹೀರಾತು ಯಾರ ಪರದೆಗೆ ಹೋಗಬೇಕು, ಯಾರದಕ್ಕೆ ಹೋಗಬಾರದು ಎಂದು ಜಾಹೀರಾತುದಾರರು ಆರಿಸಿಕೊಳ್ಳಲು ಬಿಟ್ಟು ವಸತಿ ತಾರತಮ್ಯಕ್ಕೆ ಅವಕಾಶ ಮಾಡಿದೆ ಎಂದು ಫೇಸ್‌ಬುಕ್ ಮೇಲೆ ಅಮೆರಿಕದ ವಸತಿ ಇಲಾಖೆ 2019ರಲ್ಲಿ ಆರೋಪ ಹೊರಿಸಿತು. ಕಂಪನಿ 2022ರಲ್ಲಿ ಸರ್ಕಾರದೊಡನೆ ರಾಜಿ ಮಾಡಿಕೊಂಡು ತನ್ನ ವ್ಯವಸ್ಥೆಯನ್ನು ಬದಲಿಸಲು ಒಪ್ಪಿತು. ದಲ್ಲಾಳಿಯ ಮೇಜಿನ ಹಿಂದಿದ್ದ ಅಧಿಕಾರ ಯಂತ್ರದೊಳಕ್ಕೆ ಸೇರಿಕೊಂಡಿತ್ತು.

ಒಡೆಯನ ಮಾತು ಅವನಿಗೇ ತಿರುಗಿಬಿದ್ದ ಒಂದು ಮೋಜಿನ ಪ್ರಕರಣವನ್ನೂ ಇಲ್ಲಿ ಹೇಳಬೇಕು. ನ್ಯೂಯಾರ್ಕ್ ಬಳಿಯ ನಯಾಕ್ ಊರಿನ ಮನೆಯೊಡತಿಯೊಬ್ಬಳು ತನ್ನ ಮನೆಯಲ್ಲಿ ದೆವ್ವಗಳಿವೆ ಎಂದು 1977ರಲ್ಲಿ 'ರೀಡರ್ಸ್ ಡೈಜೆಸ್ಟ್' ಪತ್ರಿಕೆಯಲ್ಲಿ ಹೇಳಿಕೊಂಡಿದ್ದಳು. ಆಮೇಲೆ ಮನೆ ಮಾರುವಾಗ ಹೊರಗಿನಿಂದ ಬಂದ ಗಿರಾಕಿಗೆ ಅದನ್ನು ತಿಳಿಸಲಿಲ್ಲ. 1991ರಲ್ಲಿ ಮೇಲ್ಮನವಿ ನ್ಯಾಯಾಲಯ ಗಿರಾಕಿಯ ಪರವಾಗಿ ನಿಂತಿತು. ದೆವ್ವ ಇದೆಯೋ ಇಲ್ಲವೋ, ಲೋಕಕ್ಕೆಲ್ಲ ಇದೆಯೆಂದು ಸಾರಿದವಳು ಈಗ ಇಲ್ಲವೆನ್ನುವಂತಿಲ್ಲ, ಕಾನೂನಿನ ದೃಷ್ಟಿಯಲ್ಲಿ ಆ ಮನೆಯಲ್ಲಿ ದೆವ್ವವಿದೆ ಎಂಬುದು ತೀರ್ಪಿನ ಸಾರ.

ಪಹಣಿಯ ನಾಡಿನಲ್ಲಿ

ಭಾರತದಲ್ಲಿ ಕಥೆ ಇನ್ನೊಂದು ಬಗೆ. ಸಿಸೆರೊ ಎತ್ತಿದ ಪ್ರಶ್ನೆಗೆ ನಮ್ಮ ಕಾನೂನು ಬಹಳ ಹಿಂದೆಯೇ ಉತ್ತರಿಸಿದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ತಿಳಿಯದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ಆಂಟಿಪೇಟರ್‌ನ ವಾದ ಗೆದ್ದಿತು ಎನ್ನಬಹುದು. ಆದರೆ ಮಾರುವವನಿಗೆ ಗೊತ್ತಿತ್ತು ಎಂದು ಸಾಧಿಸುವುದಕ್ಕೆ ನ್ಯಾಯಾಲಯದಲ್ಲಿ ವರ್ಷಗಳು ಸಂದುಹೋಗುತ್ತವೆ.

ಆದ್ದರಿಂದಲೇ ಇಲ್ಲಿ ಕೊಳ್ಳುವವರು ಮಾರುವವನ ಪುಟವನ್ನು ನಂಬದೆ ಬೇರೆ ಪುಟಗಳನ್ನು ಕೇಳುತ್ತಾರೆ. ಜಮೀನಾದರೆ ಪಹಣಿ, ಮನೆಯಾದರೆ ಖಾತೆ, ಎರಡಕ್ಕೂ ಋಣಭಾರ ಪತ್ರ, ಜನರ ಬಾಯಲ್ಲಿ 'ಇ.ಸಿ.'. ಇವೂ ಒಂದು ಆಸ್ತಿಗೊಂದು ಪುಟವೇ. ಬರೆದವನು ಮಾತ್ರ ಮಾರುವವನಲ್ಲ, ಸರ್ಕಾರ. ಕರ್ನಾಟಕ ಸರ್ಕಾರ ಭೂಮಿ ಯೋಜನೆಯಡಿ 2000ದ ಹೊತ್ತಿಗೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಋಣಭಾರ ಪತ್ರವನ್ನು ಈಗ ಕಾವೇರಿ ತಾಣದಿಂದ ಪಡೆಯಬಹುದು. ಈ ಪುಟಗಳಲ್ಲಿ ಬಿಸಿಲಿನ ಚಿತ್ರಗಳಿಲ್ಲ, ಗುಲಾಬಿ ಎಸಳೂ ಇಲ್ಲ. ಸರ್ವೆ ನಂಬರು, ಹಿಸ್ಸಾ, ಯಾರ ಹೆಸರಿನಿಂದ ಯಾರ ಹೆಸರಿಗೆ, ಯಾವ ಬ್ಯಾಂಕಿನ ಸಾಲ, ಇಷ್ಟೇ.

ಬೆಂಗಳೂರಿನಂಥ ನಗರಗಳಲ್ಲಿ ಅಪಾರ್ಟ್‌ಮೆಂಟ್‌ಗಳು ಏಳತೊಡಗಿದಾಗ ಈ ಎಚ್ಚರವೂ ಸಾಲದಾಯಿತು. ಇನ್ನೂ ಕಟ್ಟದ ಮನೆಗೆ ಖಾತೆ ಎಲ್ಲಿಂದ ಬರಬೇಕು? ಕೊಳ್ಳುವವನ ಕೈಯಲ್ಲಿ ಇದ್ದದ್ದು ನುಣುಪು ಕಾಗದದ ಕೈಪಿಡಿ ಮಾತ್ರ. ಅದರಲ್ಲಿ ಈಜುಕೊಳ, ನಗುವ ಮಕ್ಕಳು, 'ವಿಮಾನ ನಿಲ್ದಾಣಕ್ಕೆ ಇಪ್ಪತ್ತೇ ನಿಮಿಷ'. ಬಡಾವಣೆಯ ಹೆಸರಿನಲ್ಲೇ ಜಾಲತಾಣಗಳೂ ಬಂದವು. ಅಮೆರಿಕ, ಕೊಲ್ಲಿ ರಾಷ್ಟ್ರಗಳಲ್ಲಿರುವ ಕನ್ನಡಿಗರಿಗೆ ಊರಿಗೆ ಬಂದು ನೋಡಲು ಪುರುಸೊತ್ತಿಲ್ಲ; ಅವರ ಪಾಲಿಗೆ ಆ ತಾಣವೇ ಮನೆ. ಕಟ್ಟಡ ಅರ್ಧಕ್ಕೆ ನಿಂತಾಗ ಬ್ಯಾಂಕ್ ಸಾಲದ ಕಂತೂ, ಇರುವ ಮನೆಯ ಬಾಡಿಗೆಯೂ ಒಟ್ಟಿಗೆ ಕಟ್ಟುತ್ತ ವರ್ಷಗಟ್ಟಲೆ ಕಾದ ಕುಟುಂಬಗಳು ದೇಶದ ಎಲ್ಲ ದೊಡ್ಡ ನಗರಗಳಲ್ಲೂ ಇವೆ. ಪೈಥಿಯಸ್‌ನ ದೋಣಿಗಳು ಮರುದಿನವೇ ಮಾಯವಾದವು. ಇಲ್ಲಿ ಈಜುಕೊಳ ಮಾಯವಾಗುವುದು ತಿಳಿಯಲು ಐದಾರು ವರ್ಷ ಬೇಕಾಗುತ್ತಿತ್ತು.

2016ರಲ್ಲಿ ಸಂಸತ್ತು ಅಂಗೀಕರಿಸಿದ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯಿದೆ, ಜನರ ಮಾತಿನಲ್ಲಿ 'ರೇರಾ', ಈ ಪುಟವನ್ನೇ ಹಿಡಿದುಕೊಂಡಿತು. ಪ್ರಾಧಿಕಾರದಲ್ಲಿ ನೋಂದಾಯಿಸದೆ ಯೋಜನೆಯ ಜಾಹೀರಾತನ್ನೂ ಕೊಡುವಂತಿಲ್ಲ. ನೋಂದಣಿಯಾದ ಮೇಲೆ ನಿರ್ಮಾಪಕ ಪ್ರಾಧಿಕಾರದ ಜಾಲತಾಣದಲ್ಲಿ ತನ್ನ ಪುಟ ತೆರೆಯಬೇಕು. ಎಷ್ಟು ಮನೆ ಬುಕ್ ಆಗಿವೆ, ಯಾವ ಅನುಮತಿ ಸಿಕ್ಕಿದೆ, ಯಾವುದು ಬಾಕಿ ಇದೆ, ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ಮೂರು ತಿಂಗಳಿಗೊಮ್ಮೆ ಅಲ್ಲಿ ತುಂಬಬೇಕು. 12ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಜಾಹೀರಾತಿನ ಅಥವಾ ಮಾದರಿ ಮನೆಯ ಸುಳ್ಳನ್ನು ನಂಬಿ ಮುಂಗಡ ಕೊಟ್ಟವನಿಗೆ ನಷ್ಟವಾದರೆ ನಿರ್ಮಾಪಕ ತುಂಬಿಕೊಡಬೇಕು. ಕೊಳ್ಳುವವನು ಹಿಂದೆ ಸರಿದರೆ ಪೂರ್ತಿ ಹಣವನ್ನು ಬಡ್ಡಿ ಸಮೇತ ಮರಳಿಸಬೇಕು. ಕೇನಿಯಸ್‌ಗೆ ಸಿಗದಿದ್ದದ್ದು ಇದೇ. ಕಾಯಿದೆ ಪೂರ್ಣವಾಗಿ ಜಾರಿಯಾದ 2017ರಲ್ಲೇ ಕರ್ನಾಟಕದ ನಿಯಮಗಳೂ ಹೊರಬಿದ್ದವು.

ಹೀಗೆ ಅಮೆರಿಕದಲ್ಲಿ ದಲ್ಲಾಳಿಯ ಚಮತ್ಕಾರವಾಗಿ ಬಂದ ಪ್ರತ್ಯೇಕ ಪುಟ, ಇಲ್ಲಿ ಕಾಯಿದೆಯ ಕಟ್ಟಳೆಯಾಗಿ ಬಂದಿದೆ. ಎಲ್ಲರಿಗೂ ಅಲ್ಲ ಎಂಬುದನ್ನು ಮರೆಯಬಾರದು. 500 ಚದರ ಮೀಟರ್ ಮೀರದ ಜಾಗದಲ್ಲಿ ಕಟ್ಟಿದರೆ, ಅಥವಾ ಒಟ್ಟು ಎಂಟು ಮನೆಗಳಿಗಿಂತ ಹೆಚ್ಚಿಲ್ಲದಿದ್ದರೆ ನೋಂದಣಿ ಬೇಕಿಲ್ಲ. ಒಬ್ಬರಿಂದೊಬ್ಬರಿಗೆ ಮಾರಾಟವಾಗುವ ಹಳೆಯ ಮನೆಗಳೂ ಇದರ ಹೊರಗೇ. ಅಲ್ಲಿ 1882ರ ಕಾಯಿದೆ, ಇ.ಸಿ. ಮತ್ತು ಅಕ್ಕಪಕ್ಕದವರ ಮಾತೇ ಗತಿ. ಕೇನಿಯಸ್ ನೆರೆಯವನನ್ನು ಹಣ ಕೊಡುವ ಮೊದಲೇ ಕೇಳಿದ್ದರೆ ಸಾಕಿತ್ತಲ್ಲವೆ?

ಯೋಜನೆಯ ಪ್ರತಿ ಜಾಹೀರಾತಿನಲ್ಲೂ ನೋಂದಣಿ ಸಂಖ್ಯೆ ಇರಬೇಕು, ಪ್ರಾಧಿಕಾರದ ಜಾಲತಾಣದ ವಿಳಾಸವಂತೂ ಎದ್ದು ಕಾಣಬೇಕು ಎಂದು ಅದೇ ಕಾಯಿದೆಯ 11ನೇ ಕಲಮು ಹೇಳುತ್ತದೆ. ಪೂರ್ಣಪುಟದ ಜಾಹೀರಾತಿನಲ್ಲಿ ಈಜುಕೊಳ ಎದ್ದು ಕಾಣುತ್ತದೆ. ಆ ವಿಳಾಸವನ್ನು ಹುಡುಕಲು ಅನೇಕ ವೇಳೆ ಕನ್ನಡಕ ಬೇಕಾಗುತ್ತದೆ.